ಹೊಟ್ಟೆ ತಿದ್ದಿದ ಪ್ರವಾಸದ ನಕ್ಷೆ

ಶೃಂಗೇರಿಯಿಂದ ಜಯಪುರ, ಬಸರೀಕಟ್ಟೆಯ ದಾರಿಯಾಗಿ ಸ್ವಂತ ಕಾರಿನಲ್ಲಿ ಹೊರನಾಡಿಗೆ ಹೊರಡುವ ಬೆಂಗಳೂರಿನ ಕುಟುಂಬವು ಪ್ರವಾಸದ ಯೋಜನೆಯನ್ನು ಕಿಲೋಮೀಟರುಗಳಲ್ಲಿ ಬರೆದುಕೊಂಡರೂ ಅದನ್ನು ತಿದ್ದುವ ಅಧಿಕಾರ ಹೊಟ್ಟೆಗೇ ಸೇರಿದ್ದು; ಶಾರದೆಯ ಸನ್ನಿಧಿಯಲ್ಲಿ ಮಧ್ಯಾಹ್ನ ಉಂಡವರು ಅನ್ನಪೂರ್ಣೇಶ್ವರಿಯ ರಾತ್ರಿಯ ಪಂಕ್ತಿಗೆ ತಲುಪಲೇಬೇಕೆಂಬುದು ಅಲಿಖಿತ ನಿಯಮ. ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಕಾರು ಓಡಿಸುವವರು ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು, ಅಂದರೆ ಆರ್‌ಟಿಒ ಕಚೇರಿ 1 ವರ್ಷದ ಅವಧಿಗೆ ನೀಡುವ ಪುಸ್ತಿಕೆಯನ್ನು, ಹಿಡಿದು ಬಲಬದಿಯ ಸಂಚಾರವನ್ನು ರೂಢಿಸಿಕೊಳ್ಳಬಹುದು. ಮಲೆನಾಡಿನ ಕಿರುದಾರಿಯ ತಿರುವಿನಲ್ಲಿ ಬಸ್ಸು ಎದುರಾದಾಗ ಯಾರು ಹಿಂದೆ ಸರಿಯಬೇಕೆಂಬ ಶಾಸ್ತ್ರ ಮಾತ್ರ ಯಾವ ಪುಸ್ತಿಕೆಯಲ್ಲೂ ಇಲ್ಲ (ಬಸ್ಸಂತೂ ಸರಿಯುವುದಿಲ್ಲ). ಹಿಂದಿನ ಸೀಟಿನಲ್ಲಿ ನಿಂಬೆಹಣ್ಣು ಮೂಸುತ್ತ ಕುಳಿತ ಅತ್ತೆಯವರು ಇನ್ನೆಷ್ಟು ತಿರುವು ಎಂದು ಕೇಳುವ ಹೊತ್ತಿಗೆ ಮೊಬೈಲಿನ ಸಿಗ್ನಲ್ ಹೋಗಿರುವುದರಿಂದ, ಜಗಲಿಯಲ್ಲಿ ಅಡಕೆ ಸುಲಿಯುವವರನ್ನೇ ವಿಚಾರಿಸಬೇಕಾಗುತ್ತದೆ. ಅವರೋ ದಾರಿ ತೋರಿಸುವ ಮೊದಲು, ಬಂದದ್ದು ಯಾರ ಮನೆಗೆ, ಕಾಫಿ ಆಯಿತೇ ಎಂದು ಕೇಳುತ್ತಾರೆ.