ಲೋಡು ಕಮ್ಮಿ ಇದ್ದವನ ಸಂವಿಧಾನ ಪಾಠ

ಮೆಕ್ಯಾನಿಕಲ್ ಮೇಷ್ಟ್ರ ಪಾಡು ಈಗ ಊರಿಗೇ ಗೊತ್ತು. ಸೀಟು ಹಂಚಿಕೆ ಶುರುವಾದರೆ ಕಂಪ್ಯೂಟರ್ ಸೈನ್ಸ್ ಮುಂದೆ ಜಾತ್ರೆ. ನಮ್ಮ ಕಡೆಗೆ ಬರುವವರು ಒಂದೋ ದಾರಿ ತಪ್ಪಿದವರು, ಇಲ್ಲವೋ ಅಪ್ಪನಿಗೆ ಲೇತ್ ವರ್ಕ್‌ಶಾಪ್ ಇರುವವರು. ನಾನು ಥರ್ಮೋಡೈನಮಿಕ್ಸ್ ಹೇಳಿಕೊಡುವ ಕ್ಲಾಸಿನಲ್ಲಿ ಹುಡುಗರಿಗಿಂತ ಫ್ಯಾನುಗಳೇ ಜಾಸ್ತಿ.

ಹಾಗಂತ ಆಡಳಿತ ಮಂಡಳಿ ನಮ್ಮನ್ನು ಕೂರಿಸಿ ಸಂಬಳ ಕೊಟ್ಟೀತೆ? ಮುಖ್ಯಸ್ಥರು ಕರೆದು, 'ನಿಮ್ಮ ಲೋಡು ಕಮ್ಮಿ ಇದೆಯಲ್ರೀ' ಎಂದರು. ಲೋಡು ಕಮ್ಮಿಯಾದವರ ಕೊರಳಿಗೆ ಕಟ್ಟಲೆಂದೇ ಎಂಜಿನಿಯರಿಂಗ್ ಪಠ್ಯಕ್ರಮದಲ್ಲಿ ಕೆಲವು ವಿಷಯಗಳಿವೆ: ಭಾರತದ ಸಂವಿಧಾನ, ಸಾರ್ವತ್ರಿಕ ಮಾನವೀಯ ಮೌಲ್ಯಗಳು, ಆರೋಗ್ಯದ ವೈಜ್ಞಾನಿಕ ತಳಹದಿ, ಬಳಕೆ ಕನ್ನಡ. ಸಿವಿಲ್ಲಿನ ಕೆಲವರಿಗೆ ಆರೋಗ್ಯ ಹೋಗಿತ್ತು. ನನ್ನ ಪಾಲಿಗೆ ಸಂವಿಧಾನವೂ ಮೌಲ್ಯಗಳೂ ಜೋಡಿಯಾಗಿ ಬಂದವು.

'ಇದೆಲ್ಲ ನನಗೆ ಬರಲ್ಲ ಸಾರ್' ಅಂದೆ.

'ನೀವು ಭಾರತೀಯರು ತಾನೆ?'

'ಹೌದು ಸಾರ್.'

'ಮನುಷ್ಯರು ತಾನೆ?'

ಈ ಎರಡನೆಯದಕ್ಕೆ ಉತ್ತರಿಸಲು ಅರೆಗಳಿಗೆ ತಡವಾಯಿತು. ಅಷ್ಟರಲ್ಲಿ ಅವರು ಟೈಮ್‌ಟೇಬಲ್ಲಿಗೆ ಸಹಿ ಹಾಕಿಯಾಗಿತ್ತು.

ಸೆಮಿನಾರ್ ಹಾಲಿನಲ್ಲಿ ಜಂಟಿ ಕ್ಲಾಸು. ಮುಂದೆ ಕಂಪ್ಯೂಟರ್ ಸೈನ್ಸಿನವರು, ಮೊಬೈಲಿಗೆ ತಲೆಬಾಗಿ. ಹಿಂದೆ ಪಕ್ಕದ ಕಟ್ಟಡದ ಆರ್ಕಿಟೆಕ್ಚರ್ ಮಕ್ಕಳು. ಈ ಆರ್ಕಿಟೆಕ್ಚರಿನವರು ರಾತ್ರಿಯೆಲ್ಲ ಥರ್ಮೋಕೋಲು ಕೊಯ್ದು ಮಾಡೆಲ್ ಅಂಟಿಸಿ, ಬೆಳಿಗ್ಗೆ ಜ್ಯೂರಿಯವರಿಂದ ಬೈಸಿಕೊಂಡು ಬಂದಿರುತ್ತಾರೆ. ಅವರಿಗೆ ಸಂವಿಧಾನ ಕೊಟ್ಟಿರುವ ಹಕ್ಕುಗಳ ಪೈಕಿ ಆಗ ಬೇಕಾದದ್ದು ನಿದ್ದೆಯ ಹಕ್ಕೊಂದೇ. ನಾನು ಅಡ್ಡಿಪಡಿಸಲಿಲ್ಲ.

ಬಲ್ಲದ್ದರಿಂದಲೇ ಶುರುಮಾಡಬೇಕೆಂದು ಬೋರ್ಡಿನ ಮೇಲೆ ಒಂದು ಉಗಿ ಸ್ಥಾವರ ಬರೆದೆ. ಶಾಸಕಾಂಗ ಬಾಯ್ಲರ್, ಕಾರ್ಯಾಂಗ ಟರ್ಬೈನ್, ನ್ಯಾಯಾಂಗ ಸೇಫ್ಟಿ ವಾಲ್ವ್. ಮುಂದಿನ ಸಾಲಿನ ಹುಡುಗಿ ಕೇಳಿದಳು: 'ಕಂಡೆನ್ಸರ್ ಯಾರು ಸಾರ್?' ರಾಜ್ಯಪಾಲರು ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಕಾಲ ಚೆನ್ನಾಗಿಲ್ಲ, ನುಂಗಿಕೊಂಡು 'ಪ್ರಜೆಗಳಮ್ಮ' ಅಂದೆ. 'ಅಂದ್ರೆ ಕೆಲಸ ಎಲ್ಲ ಮುಗಿದ ಮೇಲೆ ನಮ್ಮನ್ನ ತಣ್ಣಗೆ ಮಾಡಿ ಮತ್ತೆ ಬಾಯ್ಲರಿಗೇ ಕಳಿಸೋದಾ?' ಹಾಲು ಗೊಳ್ಳೆಂದಿತು. ಆ ಸೆಮಿಸ್ಟರಿನಲ್ಲಿ ನನ್ನ ಕ್ಲಾಸಿನಿಂದ ಹೊರಬಿದ್ದ ರಾಜ್ಯಶಾಸ್ತ್ರ ಅಷ್ಟೇ. ಅದೂ ಅವಳದು.

ಗದ್ದಲಕ್ಕೆ ಹಿಂದಿನ ಸಾಲು ಎಚ್ಚರವಾಯಿತು. ಆರ್ಕಿಟೆಕ್ಚರಿನ ಹುಡುಗನೊಬ್ಬ, 'ಸಾರ್, ಮೂಲ ಪ್ರತಿಯ ಚಿತ್ರಗಳ ಬಗ್ಗೆ ಹೇಳಿ' ಅಂದ. ಯಾವ ಚಿತ್ರಗಳು? ನನ್ನ ಗೈಡಿನಲ್ಲಿ ಇದ್ದದ್ದು ಮೂಲ ಸಂವಿಧಾನದ 395 ವಿಧಿಗಳು, 8 ಅನುಸೂಚಿಗಳು, ಹಿಂಬದಿಯಲ್ಲಿ ಬೆಲೆ. ಅವನೇ ಎದ್ದು ಹೇಳಿದ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ ಇಂಗ್ಲಿಷ್ ಮೂಲ ಪ್ರತಿ ಅಚ್ಚಿನದಲ್ಲ, ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಕೈಯಾರೆ ಬರೆದದ್ದು. ಕೂಲಿ ಬೇಡ, ಪುಟಪುಟದಲ್ಲೂ ನನ್ನ ಹೆಸರಿರಲಿ ಎಂದರಂತೆ. ಅಲಂಕಾರ ಶಾಂತಿನಿಕೇತನದ ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರದು. ಒಂದನೆಯ ಭಾಗಕ್ಕೆ ಮೊಹೆಂಜೊದಾರೊ ಮುದ್ರೆಯ ಗೂಳಿ, ಮೂಲಭೂತ ಹಕ್ಕುಗಳ ಭಾಗಕ್ಕೆ ರಾಮ, ಸೀತೆ, ಲಕ್ಷ್ಮಣ.

ಆ ಪ್ರತಿಯನ್ನು ಆಮ್ಲಜನಕ ಸುಳಿಯದಂತೆ ಬೇರೆ ಅನಿಲ ತುಂಬಿದ ಭದ್ರ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ ಎಂದು ಅವನು ಸೇರಿಸಿದಾಗ ನನಗೆ ಹೋದ ಜೀವ ಬಂದಂತಾಯಿತು. ಮುಚ್ಚಿದ ಪೆಟ್ಟಿಗೆ! ಅನಿಲ! ಒತ್ತಡ! ಉಳಿದ ಅರ್ಧ ಗಂಟೆ ನಾನು ಆ ಪೆಟ್ಟಿಗೆಯ ಒಳಗೇ ಇದ್ದೆ. ಸೋರಿಕೆ, ತೇವಾಂಶ, ತಾಪಮಾನ, ಗ್ಯಾಸ್ಕೆಟ್ ಎಲ್ಲ ಹೇಳಿದೆ. ಸಂವಿಧಾನ ಅದರೊಳಗಿತ್ತು ಎಂಬುದನ್ನು ಬಿಟ್ಟು ಮಿಕ್ಕದ್ದೆಲ್ಲ ಮಕ್ಕಳಿಗೆ ಮನದಟ್ಟಾಯಿತು.

ಮುಂದಿನ ವಾರ ಕೇಶವಾನಂದ ಭಾರತಿ ಪ್ರಕರಣ. 'ಕೇಶವಾನಂದ ಭಾರತಿ ಅಂದರೆ ಯಾರು ಸಾರ್?' ಎಂದೊಬ್ಬ. ಗೈಡಿನಲ್ಲಿ ಹೆಸರು ದಪ್ಪಕ್ಷರದಲ್ಲಿತ್ತು, ಮನುಷ್ಯ ಇರಲಿಲ್ಲ. 'ದೊಡ್ಡವರು. ಸಂವಿಧಾನಕ್ಕಾಗಿ ಬಹಳ ದುಡಿದರು' ಎಂದು ಶ್ರದ್ಧಾಂಜಲಿಯ ದನಿಯಲ್ಲಿ ಹೇಳಿದೆ. ಈ ದನಿ ಹಲವು ಕಡೆ ನನ್ನ ಕೈ ಹಿಡಿದಿದೆ. ಅಂದು ಕಾಸರಗೋಡಿನ ಹುಡುಗನೊಬ್ಬ ಹಾಲಿನಲ್ಲಿದ್ದ. 'ಅವರು ಎಡನೀರು ಮಠದ ಸ್ವಾಮಿಗಳು ಸಾರ್. ಯಕ್ಷಗಾನಕ್ಕೆ ಭಾಗವತಿಕೆ ಮಾಡ್ತಿದ್ರು, ನಮ್ಮಜ್ಜ ಕೇಳಿದ್ದಾರೆ' ಎಂದ. ಆಮೇಲೆ ಪಾಠ ಅವನದೇ. ಕೇರಳದ ಭೂಸುಧಾರಣೆಯಲ್ಲಿ ಹೋಗಲಿದ್ದ ಮಠದ ಜಮೀನಿಗಾಗಿ ಸ್ವಾಮಿಗಳು ಕೋರ್ಟಿಗೆ ಹೋದದ್ದು, ನಾನಿ ಪಾಲ್ಖಿವಾಲಾ ವಾದಿಸಿದ್ದು, 13 ನ್ಯಾಯಮೂರ್ತಿಗಳ ಪೀಠ, 1973ರ ಏಪ್ರಿಲ್ 24ರಂದು 7–6ರಲ್ಲಿ ಬಂದ ತೀರ್ಪು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸಂರಚನೆಯನ್ನು ಕೆಡವುವಂತಿಲ್ಲ. ಯಾವತ್ತೂ ಮಲಗುತ್ತಿದ್ದ ಹಿಂದಿನ ಸಾಲು ಅಂದು ಕಣ್ಣು ಬಿಟ್ಟು ಕೂತಿತ್ತು. ಇನ್ನೊಂದು ಸೆಕ್ಷನ್ನಿಗೆ ಇದೇ ಪಾಠ ಮಾಡಿದ ಸಿವಿಲ್ ಮಿತ್ರರು ಮೂಲ ಸಂರಚನೆ ಎಂದು ಪೈಲ್ ಫೌಂಡೇಶನ್ ವಿವರಿಸಿದರೆಂದು ಆಮೇಲೆ ತಿಳಿಯಿತು. ನನಗೆ ತುಸು ಸಮಾಧಾನವಾಯಿತು.

ಸಂವಿಧಾನದ ಕಥೆಯೇ ಹೀಗಾದರೆ ಮಾನವೀಯ ಮೌಲ್ಯಗಳ ಗತಿ ಕೇಳಬೇಡಿ. ಅಲ್ಲಿ 'ಸಹಜ ಸ್ವೀಕೃತಿ' ಎಂದೊಂದು ಪಾಠ. ಯಾವುದು ನಮ್ಮ ಒಳಗಿಗೆ ತಾನಾಗಿ ಒಪ್ಪಿಗೆಯಾಗುತ್ತದೋ ಅದನ್ನು ಪರೀಕ್ಷಿಸಿಕೊಳ್ಳಬೇಕು. ನಾನು ಪಾಠ ಮುಗಿಸುವ ಮೊದಲೇ ಒಬ್ಬ, 'ಶೇಕಡಾ 85 ಹಾಜರಾತಿ ಇಲ್ಲದವರನ್ನ ಪರೀಕ್ಷೆಗೆ ಕೂರಿಸದೆ ಇರೋದು ನಿಮಗೆ ಸಹಜ ಸ್ವೀಕೃತಿಯಾ ಸಾರ್?' ಎಂದು ಪರೀಕ್ಷಿಸಿಯೇಬಿಟ್ಟ.

ಆದರೆ ಹುಡುಗರನ್ನು ಸಂಭಾಳಿಸಬಹುದು, ಎಕ್ಸೆಲ್ ಹಾಳೆಯನ್ನಲ್ಲ. ಮಾನ್ಯತಾ ತಪಾಸಣೆಗೆ ಪ್ರತಿ ವಿಷಯದಿಂದಲೂ ಮಕ್ಕಳು ಏನು ಗಳಿಸಿದರೆಂದು ಅಂಕಿಯಲ್ಲಿ ತೋರಿಸಬೇಕು, ಒಂದರಿಂದ ಮೂರರ ಅಳತೆಯಲ್ಲಿ. ಥರ್ಮೋಡೈನಮಿಕ್ಸಿಗೆ ಇದು ಸರಿ. ಮೌಲ್ಯಗಳ ಪಠ್ಯದಲ್ಲಿ ಸಂಬಂಧಗಳಿಗೆ ಬೇಕಾದ ಒಂಬತ್ತು ಭಾವಗಳಿವೆ: ನಂಬಿಕೆ, ಗೌರವ, ವಾತ್ಸಲ್ಯದಿಂದ ಹಿಡಿದು ಕೃತಜ್ಞತೆ, ಪ್ರೇಮದವರೆಗೆ. ಇಂಟರ್ನಲ್ ಅಂಕಗಳಿಂದ ಲೆಕ್ಕ ತೆಗೆದೆ. ಕೃತಜ್ಞತೆ 2.4 ಬಂತು, ಪ್ರೇಮ 1.1ಕ್ಕೆ ನಿಂತಿತು. ರಾತ್ರಿ ಹೆಂಡತಿ ಲ್ಯಾಪ್‌ಟಾಪಿನಲ್ಲಿ ಇಣುಕಿ, 'ಈ 1.1 ಯಾರದು?' ಎಂದಳು. ವಿದ್ಯಾರ್ಥಿಗಳದು ಅಂದೆ. ನಂಬಲಿಲ್ಲ.

ತಪಾಸಣೆಗೆ ಬಂದ ಹಿರಿಯರು ಹಾಳೆಯ ಮೇಲೆ ಬೆರಳಿಟ್ಟರು. 'ಪ್ರೇಮ ಕಮ್ಮಿ ಇದೆ. ಏನು ಕ್ರಮ ತಗೊಂಡಿದ್ದೀರಿ?'

'ರೆಮಿಡಿಯಲ್ ಕ್ಲಾಸ್ ತಗೊಂಡಿದ್ದೀನಿ ಸಾರ್.'

'ದಾಖಲೆ?'

ಜಿಯೋಟ್ಯಾಗ್ ಮಾಡಿದ ಫೋಟೋ ತೋರಿಸಿದೆ. ಸಂತೋಷಪಟ್ಟರು.

ಈ ವಿಷಯಗಳು ಬೇಡ ಎನ್ನುವವನಲ್ಲ ನಾನು. ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ವಿಟ್ರೂವಿಯಸ್, ಕಟ್ಟಡ ಕಟ್ಟುವವನಿಗೆ ರೇಖಾಗಣಿತದ ಜತೆ ಚರಿತ್ರೆ, ತತ್ವಶಾಸ್ತ್ರ, ಸಂಗೀತ, ಕಾನೂನು ಎಲ್ಲ ತಿಳಿದಿರಬೇಕೆಂದು ಬರೆದಿಟ್ಟ. ಅಷ್ಟು ದೂರ ಯಾಕೆ, ನಮ್ಮ ಕಾಲೇಜಿನ ಹೊಸ್ತಿಲಲ್ಲೇ ಪೇಟ ಧರಿಸಿ ನಿಂತಿರುವ ವಿಶ್ವೇಶ್ವರಯ್ಯನವರನ್ನು ನೋಡಿ. ಅವರ ದಿವಾನಗಿರಿಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದು 1915ರಲ್ಲಿ, ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು 1917ರಲ್ಲಿ. ಪರಿಷತ್ತು ಮೊದಲು, ಎಂಜಿನಿಯರಿಂಗ್ ಆಮೇಲೆ! ನಾವು ಸೆಪ್ಟೆಂಬರ್ 15ಕ್ಕೆ ಅವರಿಗೆ ಹಾರ ಹಾಕಿ, ಒಳಗೆ ಹೋಗಿ ಕೊನೆಯ ಪೀರಿಯಡ್ಡನ್ನು ಮಾನವಿಕಕ್ಕೆ ಬಿಟ್ಟುಕೊಡುತ್ತೇವೆ. ಇನ್ನು 'ಶಿಕಾರಿ' ಕಾದಂಬರಿ ಬರೆದ ಯಶವಂತ ಚಿತ್ತಾಲರು ಪಾಲಿಮರ್ ತಂತ್ರಜ್ಞರು. ಆ ಕಾದಂಬರಿಗಾಗಿ ಅವರಿಗೆ ಯಾರೂ ಒಂದು ಕ್ರೆಡಿಟ್ ಕೊಟ್ಟಿರಲಿಲ್ಲ ಎಂಬುದು ಬೇರೆ ಮಾತು.

ಕೊನೆಗೆ ಪರೀಕ್ಷೆ ಬಂತು. ಸಂವಿಧಾನಕ್ಕೆ 50 ಬಹು ಆಯ್ಕೆಯ ಪ್ರಶ್ನೆ, ಒಂದು ಗಂಟೆ, ಒಂದೇ ಕ್ರೆಡಿಟ್. ಮೂಲಭೂತ ಕರ್ತವ್ಯಗಳನ್ನು ಸೇರಿಸಿದ ತಿದ್ದುಪಡಿ ಯಾವುದು? 42ನೆಯದು, 1976. ಉತ್ತರದ ಹಾಳೆಯಲ್ಲಿ ದುಂಡು ಗುರುತು ತುಂಬಿಸಿದರೆ ಮುಗಿಯಿತು. ನನ್ನ ಕ್ಲಾಸಿನಲ್ಲಿ ಎಲ್ಲರೂ ಪಾಸು. ನನಗೆ ಚೆನ್ನಾಗಿ ಗೊತ್ತಿರುವ ಥರ್ಮೋಡೈನಮಿಕ್ಸಿನಲ್ಲಿ ಅರ್ಧಕ್ಕರ್ಧ ಫೇಲು. ಪ್ರಾಂಶುಪಾಲರು ಸ್ಟಾಫ್ ಮೀಟಿಂಗಿನಲ್ಲಿ ನನಗೆ ಪ್ರಶಂಸಾಪತ್ರ ಕೊಟ್ಟು, 'ನಿಮ್ಮ ನಿಜವಾದ ಕ್ಷೇತ್ರ ಇದೇ ಕಣ್ರೀ' ಎಂದು ಬೆನ್ನು ತಟ್ಟಿದರು. ಮುಂದಿನ ಸೆಮಿಸ್ಟರಿಗೆ ಸಂವಿಧಾನದ ಮೇಲೆ ಆರೋಗ್ಯವನ್ನೂ ಹೊರಿಸಿದ್ದಾರೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಅಥವಾ ನಿಮ್ಮ ಪರಿಚಯದವರಲ್ಲಿ ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಚರಿತ್ರೆ ಓದಿ, ನೆಟ್ ಪಾಸು ಮಾಡಿ ಮನೆಯಲ್ಲಿ ಕೂತವರು ಇದ್ದರೆ ಹತ್ತಿರದ ಎಂಜಿನಿಯರಿಂಗ್ ಕಾಲೇಜಿಗೆ ಹೋಗಿ ಒಂದು ಅರ್ಜಿ ಕೊಟ್ಟು ಬನ್ನಿ. ಹುದ್ದೆ ಇಲ್ಲ ಅನ್ನುತ್ತಾರೆ. ಆದರೂ ಕೊಟ್ಟು ಬನ್ನಿ. ಅರ್ಜಿಗಳು ರಾಶಿ ಬಿದ್ದರೆ ಯಾರಾದರೊಬ್ಬರು ತೆಗೆದು ಓದಿಯಾರು. ಓದುವ ಆ ಕೆಲಸವೂ ಲೋಡು ಕಮ್ಮಿ ಇರುವ ನನಗೇ ಬಂದರೆ, ನಿಮ್ಮ ಆಯ್ಕೆ ಆಯಿತೆಂದೇ ತಿಳಿಯಿರಿ.