ಷಡ್ಡಕರು ಎಮು ತರಿಸಿದ್ದು

ನಮ್ಮ ಷಡ್ಡಕರ ಮನೆಯ ಟೀವಿ ಸ್ಟ್ಯಾಂಡಿನಲ್ಲಿ ಒಂದು ಬಿಳಿ ಡಬ್ಬಿ ಇದೆ. ಅದರ ಪಾಲಿಗೆ ದಿನಾಲೂ 1998ರ ನವೆಂಬರ್ 27. ಸ್ವಿಚ್ ಒತ್ತಿದ ಕೂಡಲೇ ತಾರೀಖು ಎಷ್ಟು, ಗಂಟೆ ಎಷ್ಟು ಅಂತ ಕೇಳುತ್ತದೆ. ಹೇಳಿಕೊಟ್ಟರೆ ಒಪ್ಪಿಕೊಳ್ಳುತ್ತದೆ, ಆರಿಸಿದರೆ ಮರೆತುಬಿಡುತ್ತದೆ. ಒಳಗೆ ಬಿಲ್ಲೆಯಂಥ ಒಂದು ಬ್ಯಾಟರಿ ಇದೆ, ಅದು ಪ್ರಾಣ ಬಿಟ್ಟು ಎಷ್ಟೋ ವರ್ಷವಾಗಿದೆ. "ಹೊಸದು ಹಾಕಿಬಿಡಬಾರದೇ ಭಾವ?" ಅಂದರೆ, "ಅದು ಮೂರನೇ ಫೇಸಿನಲ್ಲಿ ಬರುತ್ತೆ ಕಣ್ರೀ" ಅನ್ನುತ್ತಾರೆ. ನಮ್ಮ ಮೆಟ್ರೊ ಹಾಗೆ ಭಾವನವರ ಕೆಲಸಗಳೂ ಫೇಸುಗಳಲ್ಲೇ ನಡೆಯುವುದು.

ಡಬ್ಬಿಯ ಹೆಸರು ಡ್ರೀಮ್‌ಕಾಸ್ಟ್. ಸೆಗಾ ಕಂಪನಿ ಇದನ್ನು ಜಪಾನಿನಲ್ಲಿ ಮಾರಾಟಕ್ಕೆ ಬಿಟ್ಟದ್ದು ಅದೇ ನವೆಂಬರ್ 27ರಂದು. ಅಂದರೆ ಹುಟ್ಟಿದ ದಿನವೊಂದನ್ನು ಬಿಟ್ಟು ಬೇರೇನೂ ನೆನಪಿಲ್ಲದ ಯಂತ್ರ. ಭಾವನವರ ಮಾತು ಕೇಳಿದರೆ ಅವರೂ ಅದೇ ಕಾಲದಲ್ಲಿ ಎಲ್ಲೋ ನಿಂತಿದ್ದಾರೆ ಅನ್ನಿಸುತ್ತದೆ.

ಈ ಪಂಗಡದವರನ್ನು ನೀವೂ ಕಂಡಿರುತ್ತೀರಿ. ಎಚ್‌ಎಂಟಿ ವಾಚಿಗೆ ದಿನಾ ಬೆಳಿಗ್ಗೆ ಕೀ ಕೊಟ್ಟು ಟೈಮ್ ಮಾತ್ರ ಮೊಬೈಲಿನಲ್ಲಿ ನೋಡುವವರು. ಅಪ್ಪನ ಚೇತಕ್ ಸ್ಕೂಟರಿಗೆ ಬಣ್ಣ ಹೊಡೆಸಿ, ಭಾನುವಾರ ಒರೆಸಿ, ಒಂದು ಸಲ ಕಿಕ್ ಹೊಡೆದು ಶಬ್ದ ಕೇಳಿಸಿಕೊಂಡು, ಆಮೇಲೆ ಆಟೋದಲ್ಲಿ ತರಕಾರಿಗೆ ಹೋಗುವವರು. ಭಾವನವರು ಇದೇ ಕುಲದ ಇತ್ತೀಚಿನ ಶಾಖೆ: ಹಳೇ ವಿಡಿಯೋ ಗೇಮಿನ ಹೊಟ್ಟೆ ಕೊಯ್ದು ಡಿಸ್ಕ್ ಡ್ರೈವ್ ಕಿತ್ತು, ಆ ಜಾಗದಲ್ಲಿ ಮೆಮೊರಿ ಕಾರ್ಡ್ ಕೂರಿಸುವವರು. ಈ ಶಾಖೆಯವರಿಗೆ ಐವತ್ತರ ಆಸುಪಾಸು, ಸೊಂಟನೋವು, ಒಳ್ಳೇ ಸ್ಕ್ರೂಡ್ರೈವರ್ ಸೆಟ್ಟು ಮತ್ತು ಅಪಾರ ತಾಳ್ಮೆಯ ಹೆಂಡತಿ ಇರುವುದು ಸಾಮಾನ್ಯ ಲಕ್ಷಣ.

ಡಬ್ಬಿ ಬಂದ ಕತೆ ಹೀಗೆ. 1999ರಲ್ಲಿ ವೈಟೂಕೆ ಎಂಬ ಭೂತವನ್ನು ಬಿಡಿಸಲು ಬೆಂಗಳೂರಿನಿಂದ ಮಂತ್ರವಾದಿಗಳು ಸಾಲುಸಾಲಾಗಿ ಅಮೆರಿಕಕ್ಕೆ ಹೋದರಲ್ಲ, ಅವರಲ್ಲಿ ಭಾವನವರೂ ಒಬ್ಬರು. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನಾಲ್ಕು ಜನ ಬ್ರಹ್ಮಚಾರಿಗಳು, ಒಂದು ಕುಕ್ಕರ್. ಭೂತ ತಾನಾಗಿಯೇ ಹೋಯಿತು, ಡಾಟ್‌ಕಾಮ್ ಗುಳ್ಳೆ ಒಡೆಯಿತು, ಭಾವನವರು ಬೆಂಚಿನ ಮೇಲೆ ಕೂತರು. ಸರಿಯಾಗಿ ಆಗಲೇ, 2001ರ ಜನವರಿ 31ಕ್ಕೆ, ಡ್ರೀಮ್‌ಕಾಸ್ಟ್ ತಯಾರಿಕೆ ನಿಲ್ಲಿಸುವುದಾಗಿ ಸೆಗಾ ಕೂಡ ಸಾರಿತು. 199 ಡಾಲರಿಗೆ ಬಂದಿದ್ದ ಪೆಟ್ಟಿಗೆ 99ಕ್ಕೆ ಇಳಿಯಿತು. ಇಬ್ಬರಿಗೂ ಕೆಲಸ ಹೋಗಿತ್ತು, ಒಬ್ಬರನ್ನೊಬ್ಬರು ಕೈಹಿಡಿದರು. ಹಗಲೆಲ್ಲ ಕೆಲಸಕ್ಕೆ ಅರ್ಜಿ ಹಾಕುವುದು, ರಾತ್ರಿ ಶೆನ್ಮೂ ಆಡುವುದು. ಆ ಆಟದಲ್ಲಿ ತಂದೆಯ ಕೊಲೆಗಾರನನ್ನು ಹುಡುಕುತ್ತ ಹೊರಟ ಹುಡುಗ, ಬಂದರಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಕೆಲಸಕ್ಕೆ ಸೇರಿಕೊಳ್ಳುತ್ತಾನೆ. ಪೆಟ್ಟಿಗೆ ಎತ್ತಬೇಕು, ಗೋದಾಮಿನಲ್ಲಿ ಇಳಿಸಬೇಕು, ಸಂಬಳ ಎಣಿಸಬೇಕು. "ಆಗ ನನಗಿದ್ದ ಖಾಯಂ ನೌಕರಿ ಅದೊಂದೇ" ಎಂದು ಭಾವನವರು ಈಗಲೂ ಗದ್ಗದರಾಗುತ್ತಾರೆ.

ಆಮೇಲೆ ಊರಿಗೆ ಬಂದರು, ಮದುವೆಯಾಯಿತು, ಡಬ್ಬಿ ಅಟ್ಟ ಸೇರಿತು. ಇಪ್ಪತ್ತು ವರ್ಷದ ಮೇಲೆ ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಕೆಳಗಿಳಿಯಿತು. ಅತ್ತಿಗೆ ಅದನ್ನು ಗುಜರಿಯವನ ತಕ್ಕಡಿಗೆ ಇಡುವ ಹೊತ್ತಿಗೆ ಸರಿಯಾಗಿ ಭಾವನವರು ಸ್ನಾನ ಮುಗಿಸಿ ಬಂದರಂತೆ. ಮೈಮೇಲೆ ಟವೆಲ್ಲೊಂದೇ ಇತ್ತಂತೆ. ಉಳಿದ ವಿವರ ಅತ್ತಿಗೆ ಹೇಳುವುದಿಲ್ಲ.

ಅಮೆರಿಕದ ಯಂತ್ರ 120 ವೋಲ್ಟಿನದು, ನಮ್ಮ ಗೋಡೆಯಲ್ಲಿರುವುದು 230. ನೇರ ಸಿಕ್ಕಿಸಿದರೆ ಹೊಗೆ. ಹಾಗಾಗಿ ಎಸ್.ಪಿ. ರೋಡಿಗೆ ಹೋಗಿ, ಇಡ್ಲಿ ಕುಕ್ಕರಿನಷ್ಟು ದಪ್ಪದ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹೊತ್ತುಕೊಂಡು ಬಂದರು. ಹೊಸ ಟೀವಿಗೆ ಹಳದಿ ಕೆಂಪು ಬಿಳಿ ಪಿನ್ನು ಹಾಕುವ ತೂತೇ ಇಲ್ಲ. ಡಬ್ಬಿಯಿಂದ ವಿಜಿಎ, ವಿಜಿಎಯಿಂದ ಎಚ್‌ಡಿಎಂಐ ಅಂತ ಇನ್ನೆರಡು ಡಬ್ಬಿ ಬಂದವು. ಎಲ್ಲ ಆಗಿ ಸ್ವಿಚ್ ಒತ್ತಿದಾಗ ಮೊದಲು ಕೇಳಿಸಿದ್ದು ಕೀಈಈ ಎಂಬ ಚೀತ್ಕಾರ. ಇದರ ರಿಮೋಟಿಗೆ ಪುಟ್ಟ ಪರದೆಯ ಒಂದು ನೆನಪಿನ ಬಿಲ್ಲೆ ಸಿಕ್ಕಿಸುವುದಿದೆ, ಅದರೊಳಗಿನ ಎರಡು ಸೆಲ್ಲು ಮುಗಿದಿದ್ದರೆ ಪ್ರತಿ ಸಲವೂ ಹಾಗೆ ಅರಚಿಕೊಳ್ಳುತ್ತದೆ. ಮಾವನವರು ಒಳಗಿನಿಂದ, "ಕುಕ್ಕರ್ ಇಳಿಸೇ" ಎಂದರು.

ಎರಡನೆಯ ಸದ್ದು ಡ್ರೈವಿನದು. ಕರ್ರ್... ಕಟಕಟ... ಕರ್ರ್. ಡ್ರೀಮ್‌ಕಾಸ್ಟಿನ ಡಿಸ್ಕಿಗೆ ಜಿಡಿ-ರಾಮ್ ಎನ್ನುತ್ತಾರೆ. ಮಾಮೂಲು ಸೀಡಿಯ ಗಾತ್ರವೇ, ಆದರೆ ಹೊರಗಿನ ಸುತ್ತುಗಳನ್ನು ಒತ್ತೊತ್ತಾಗಿ ಬರೆದು ಹೆಚ್ಚುಕಡಿಮೆ ಒಂದು ಗಿಗಾಬೈಟ್ ತುಂಬಿದ್ದಾರೆ. ಓದುವ ಕಣ್ಣು ಆಚೆಗೂ ಈಚೆಗೂ ಓಡಾಡುವಾಗ ಈ ಸದ್ದು. ಹೊಸದರಲ್ಲೂ ಸಾಕಷ್ಟು ಸದ್ದಿತ್ತು, ಇಪ್ಪತ್ತು ವರ್ಷದ ಧೂಳೂ ಒಣಗಿದ ಗ್ರೀಸೂ ಸೇರಿ ಈಗ ಕೊಬ್ಬರಿ ರುಬ್ಬುವ ಹಾಗಾಗಿತ್ತು. ಅತ್ತಿಗೆ ಆವತ್ತೇ ಅದಕ್ಕೆ ಮಿಕ್ಸಿ ಎಂದು ನಾಮಕರಣ ಮಾಡಿದರು. ಐದು ಸಲ ಹಾಕಿದರೆ ಒಂದು ಸಲ ಓದುತ್ತಿತ್ತು. ಸೋನಿಯ ಮೊದಲ ಪ್ಲೇಸ್ಟೇಷನ್ ಹೀಗೆ ಹಟ ಹಿಡಿದಾಗ ಅದನ್ನು ತಲೆಕೆಳಗು ಮಾಡಿಟ್ಟು ಆಡುತ್ತಿದ್ದರಂತೆ, ಶೀರ್ಷಾಸನದಲ್ಲಿ ಸರಿಯಾಗಿ ಓದುತ್ತಿತ್ತಂತೆ. ಡ್ರೀಮ್‌ಕಾಸ್ಟ್ ಯೋಗಕ್ಕೆ ಬಗ್ಗುವುದಿಲ್ಲ. ಲೇಸರ್ ಪಕ್ಕದಲ್ಲೊಂದು ಸಾಸಿವೆ ಗಾತ್ರದ ತಿರುಪು ಇರುತ್ತದೆ. ಅದನ್ನು ಕೂದಲೆಳೆಯಷ್ಟು ತಿರುಗಿಸಿದರೆ ಬೆಳಕು ಜೋರಾಗುತ್ತದೆ. ಭಾವನವರು ತಿರುಗಿಸಿದರು, ನಾಲ್ಕು ದಿನ ಚೆನ್ನಾಗಿ ಓದಿತು, ಐದನೇ ದಿನ ಪೂರ್ತಿ ಕಣ್ಣು ಮುಚ್ಚಿತು. ಆರುವ ದೀಪಕ್ಕೆ ಎಣ್ಣೆ ಬಿಡುವ ಬದಲು ಬತ್ತಿ ಎಳೆದ ಹಾಗಾಯಿತು.

ಒಂದು ಶುಕ್ರವಾರ ಊಟದ ಹೊತ್ತಿನಲ್ಲಿ ಭಾವನವರು ಗಂಭೀರವಾಗಿ, "ಚೈನಾದಿಂದ ಜಿಡಿ-ಎಮು ತರಿಸ್ತಾ ಇದೀನಿ" ಅಂದರು.

ಮಾವನವರ ಕೈಯಲ್ಲಿದ್ದ ಹುಳಿಯನ್ನದ ತುತ್ತು ಹಾಗೇ ನಿಂತಿತು. ಕಾರಣವಿದೆ. ಹತ್ತು ಹನ್ನೆರಡು ವರ್ಷದ ಹಿಂದೆ ಎಮು ಹಕ್ಕಿ ಸಾಕಿದರೆ ಮನೆ ಬಾಗಿಲಿಗೆ ದುಡ್ಡು ಬರುತ್ತದೆಂದು ನಂಬಿ ತೋಟಕ್ಕೆ ಬೇಲಿ ಹಾಕಿದವರು ಅವರ ಬಳಗದಲ್ಲೇ ಇದ್ದರು. ಕೊನೆಗೆ ದುಡ್ಡು ಬರಲಿಲ್ಲ, ಹಕ್ಕಿಗಳು ಬೇಲಿ ಹಾರಿ ಊರ ತುಂಬ ಓಡಾಡಿದವು.

"ಎಷ್ಟು?" ಎಂದರು ಮಾವ, ಸಣ್ಣ ದನಿಯಲ್ಲಿ.

"ಒಂದೇ. ಜೊತೆಗೆ ಕಾರ್ಡು ಬೇರೆ ತಗೋಬೇಕು."

"ಎಲ್ಲಿ ಇಡ್ತೀರಿ?"

"ಇಲ್ಲೇ, ಟೀವಿ ಕೆಳಗೆ."

ಮಾವ ಕೈ ತೊಳೆದು ಎದ್ದುಹೋದರು. ಅದು ಹಕ್ಕಿಯಲ್ಲ, ಅಂಗೈ ಅಗಲದ ಒಂದು ಹಸಿರು ಬೋರ್ಡು, ಡಿಸ್ಕ್ ಡ್ರೈವಿನ ವೇಷ ಹಾಕಿಕೊಂಡು ಯಂತ್ರಕ್ಕೆ ಮಂಕುಬೂದಿ ಎರಚುವಂಥದ್ದು ಎಂದು ಅವರಿಗೆ ತಿಳಿಹೇಳಲು ಅತ್ತಿಗೆಗೆ ಭಾನುವಾರದ ತನಕ ಹಿಡಿಯಿತು.

ಬೋರ್ಡ್ ಬಂದ ದಿನ ನನಗೆ ಬುಲಾವ್ ಬಂತು. ನನಗೇನೂ ಗೊತ್ತಿಲ್ಲ ಅಂತ ಅವರಿಗೆ ಗೊತ್ತು. ಟಾರ್ಚ್ ಹಿಡಿಯಲು ಒಬ್ಬ ಬೇಕು. ಮೊದಲು ಡಬ್ಬಿಯನ್ನು ಮಗುಚಿ ಹೊಟ್ಟೆಯ ಚೀಟಿ ತೋರಿಸಿದರು. ಪುಟ್ಟ ಸುತ್ತಿನೊಳಗೆ 1 ಎಂಬ ಅಂಕಿ. 0 ಇದ್ದಿದ್ದರೆ ಈ ಬೋರ್ಡಿಗೂ ಅದಕ್ಕೂ ಕೂಡಿಬರುವುದಿಲ್ಲವಂತೆ. ಜಾತಕ ಕೂಡಿದ ಸಂತೋಷದಲ್ಲಿ ಸ್ಕ್ರೂ ಬಿಚ್ಚಲು ಶುರುಮಾಡಿದೆವು. ಮೂರು ಕಣ್ಣಿಗೆ ಕಾಣುತ್ತವೆ, ನಾಲ್ಕನೆಯದು ಮೋಡೆಮ್ಮಿನ ಹಿಂದೆ ಅವಿತಿರುತ್ತದೆ. ಹೌದು, ಟೆಲಿಫೋನ್ ತಂತಿ ಸಿಕ್ಕಿಸಿ ಇಂಟರ್ನೆಟ್ಟಿನಲ್ಲಿ ಆಡುವ ಏರ್ಪಾಟು ಅದರೊಳಗೆ ಆಗಲೇ ಇತ್ತು. ಭಾವನವರು ಒಂದೊಂದು ಸ್ಕ್ರೂ ಬಂದಂತೆ ಅತ್ತಿಗೆಯ ಒಗ್ಗರಣೆ ಡಬ್ಬಿಯ ಒಂದೊಂದು ಬಟ್ಟಲಿಗೆ ಹಾಕಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ಜೀರಿಗೆ, ಮೆಂತ್ಯ, ಮೂರು ದೊಡ್ಡ ಸ್ಕ್ರೂ, ಸಾಸಿವೆ.

ಡ್ರೈವನ್ನು ಎತ್ತುವ ಮುನ್ನ ಕೊನೆಯ ಸಲ ಯಂತ್ರವನ್ನು ಚಾಲೂ ಮಾಡಿದರು. ಅದು ಕರ್ರ್ ಅಂತು, ಡಿಸ್ಕ್ ಹುಡುಕಿತು, ಸಿಗದೆ ಸುಮ್ಮನಾಯಿತು. ಭಾವನವರ ಮೊಬೈಲು ಹತ್ತಿರದಲ್ಲೇ ಇತ್ತು. ಫೋಟೋ ತೆಗೆಯುತ್ತಿದ್ದಾರೆ ಅಂದುಕೊಂಡೆ.

ಡ್ರೈವ್ ಹೊರಗೆ, ಬೋರ್ಡ್ ಒಳಗೆ. ಬೆಸುಗೆಯಿಲ್ಲ, ಏನಿಲ್ಲ, ಒಂದು ಕನೆಕ್ಟರ್ ಒತ್ತಿ ಕೂರಿಸಿದರೆ ಮುಗಿಯಿತು. ನಾನು ಟಾರ್ಚ್ ಆರಿಸಿ ಕಾಫಿಗೆ ಎದ್ದೆ. "ಎಲ್ಲಿಗೆ? ಈಗ 12 ವೋಲ್ಟಿನ ಸಮಸ್ಯೆ ಇದೆ" ಅಂದರು. ಡ್ರೈವಿಗೆಂದು ಬರುತ್ತಿದ್ದ 12 ವೋಲ್ಟನ್ನು ಈ ಬೋರ್ಡು ಬಳಸುವುದಿಲ್ಲ. ಕೆಲಸವಿಲ್ಲದ ಕರೆಂಟು, ರಿಟೈರಾದ ಹೆಡ್‌ಮಾಸ್ಟರ ಹಾಗೆ ಒಳಗೊಳಗೇ ಬಿಸಿಯಾಗಿ ಪವರ್ ಸಪ್ಲೈ ಸುಡುತ್ತದೆ ಎಂಬುದು ಒಂದು ಮಠದ ನಂಬಿಕೆ. ಹಾಗೇನೂ ಆಗುವುದಿಲ್ಲ ಎಂಬುದು ಇನ್ನೊಂದು ಮಠದ್ದು. ಭಾವನವರು ಮೊದಲನೆಯ ಮಠಕ್ಕೆ ನಡೆದುಕೊಳ್ಳುವವರು. ಹಾಗಾಗಿ ಆ ಕರೆಂಟಿಗೆ ಒಂದು ಉದ್ಯೋಗ ಕೊಡಲು ರೆಸಿಸ್ಟರ್ ಒಂದನ್ನು ಬೆಸೆದರು. ಅದು ಏನನ್ನೂ ನಡೆಸುವುದಿಲ್ಲ. ಬಿಸಿಯಾಗಿ ಕೂತಿರುವುದಷ್ಟೇ ಅದರ ಕೆಲಸ. ನಮ್ಮ ಆಫೀಸಿನಲ್ಲೂ ಅಂಥ ಹುದ್ದೆಗಳಿವೆ, ಸಂಬಳ ಮಾತ್ರ ಜಾಸ್ತಿ.

ಕಿತ್ತ ಡ್ರೈವ್ ಏನಾಯಿತು ಎಂದು ನೀವು ಕೇಳಲೇಬೇಕು. ಹತ್ತಿಯಲ್ಲಿ ಸುತ್ತಿ, ನೀಲಿ ಬಣ್ಣದ ಬೆಣ್ಣೆ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಟ್ಟರು. ಆ ಡಬ್ಬಿಯಲ್ಲಿ ಬಿಸ್ಕತ್ತು ಇರುವುದಿಲ್ಲ, ಸೂಜಿ ದಾರ ಇರುತ್ತದೆ ಎಂಬುದು ಲೋಕಕ್ಕೆಲ್ಲ ಗೊತ್ತಿರುವ ಸಂಗತಿ. ಗುಂಡಿ ಹೊಲಿಯಲು ಡಬ್ಬಿ ತೆಗೆದ ಅತ್ತಿಗೆ ಒಳಗೆ ಕಂಡ ಲೇಸರ್ ಕಣ್ಣಿಗೆ ಬೆಚ್ಚಿದರಂತೆ.

ಇನ್ನು ಕಾರ್ಡು. 128 ಜಿಬಿ. ಒಂದೊಂದು ಆಟಕ್ಕೆ ಹೆಚ್ಚುಕಡಿಮೆ ಒಂದು ಜಿಬಿ, ಅಂದರೆ ನೂರಕ್ಕೂ ಮೀರಿ ಆಟ. ಅದನ್ನು ಫ್ಯಾಟ್32 ಎಂಬ ಹಳೇ ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಬೇಕು, ಒಳಗೆ 01, 02, 03 ಎಂದು ಫೋಲ್ಡರುಗಳು, 01ರಲ್ಲಿ ಮೆನು. ಭಾವನವರು ಇದನ್ನೆಲ್ಲ ಕಿರಾಣಿ ಅಂಗಡಿಯ ಉದ್ದನೆ ಲೆಕ್ಕದ ಪುಸ್ತಕದಲ್ಲಿ ಮೇಲೆ ಶ್ರೀ ಹಾಕಿ ಬರೆದಿಟ್ಟಿದ್ದಾರೆ. ಪ್ರತಿ ಆಟಕ್ಕೂ ಮೆನುವಿನಲ್ಲಿ ಪುಟ್ಟ ಮುಖಪುಟ ಕಾಣಬೇಕು. ಜಪಾನಿನ ಚಿತ್ರವೋ, ಅಮೆರಿಕದ್ದೋ? ಲೋಗೋದ ಸುರುಳಿ ಕಿತ್ತಳೆ ಇರಬೇಕೋ, ಯುರೋಪಿನ ಹಾಗೆ ನೀಲಿ ಇರಬೇಕೋ? ಈ ವಿಚಾರದಲ್ಲಿ ಒಂದು ಇಡೀ ಶ್ರಾವಣ ಕಳೆಯಿತು. "ಇಷ್ಟೆಲ್ಲ ಆಟ ಎಲ್ಲಿಂದ ಬಂತು ಭಾವ?" ಎಂದು ಕೇಳಿದ್ದಕ್ಕೆ, "ಡಿಸ್ಕ್ ನನ್ನ ಹತ್ರ ಇದೆ" ಎಂದರು. ಅವರ ಹತ್ತಿರ ಇರುವುದು ಆರು ಡಿಸ್ಕು. ನಾನು ಕಾಫಿ ಕುಡಿದೆ.

ನನ್ನ ಬಾಲ್ಯದಲ್ಲಿ ಟೀವಿ ಗೇಮಿನ ಕ್ಯಾಸೆಟ್ ಮೇಲೆ 9999999 ಇನ್ 1 ಅಂತ ಬರೆದಿರುತ್ತಿತ್ತು. ಬಾಯಿಂದ ಉಫ್ ಎಂದು ಊದಿ ಸಿಕ್ಕಿಸಿದರೆ ಕಾಂಟ್ರಾ, ಮಾರಿಯೊ, ಬಾತುಕೋಳಿ ಹೊಡೆಯುವುದು, ಆಮೇಲೆ ಮತ್ತೆ ಕಾಂಟ್ರಾ. ಹೆಸರು ಕೋಟಿ, ಆಟ ಮೂರು. ಆ ಮೂರನ್ನೇ ಬೇಸಿಗೆ ರಜೆ ಪೂರ್ತಿ ಹೆಬ್ಬೆರಳು ಬೊಬ್ಬೆ ಬರುವ ತನಕ ಆಡಿದೆವು. ಭಾವನವರ ಕಾರ್ಡಿನಲ್ಲಿ ನಿಜವಾಗಿ ನೂರಕ್ಕೂ ಮೀರಿ ಆಟವಿದೆ, ಅವರು ಆಡಿದ್ದು ಫೋಲ್ಡರ್ ನಂಬರ್ 01.

ಗೌರಿ ಹಬ್ಬಕ್ಕೆ ಹೋದಾಗ ನನ್ನ ಮಗ, "ದೊಡ್ಡಪ್ಪ, ಆಡ್ಲಾ?" ಎಂದ. ಭಾವನವರ ಮುಖ ಅರಳಿತು. ಕ್ರೇಜಿ ಟ್ಯಾಕ್ಸಿ ಹಾಕಿಕೊಟ್ಟರು. ಹುಡುಗ ಮೊದಲ ಗಿರಾಕಿಯನ್ನು ಹತ್ತಿಸಿಕೊಂಡು ಗಾಡಿ ಎತ್ತಿದ್ದೇ ತಡ, "ನಿಲ್ಸು ನಿಲ್ಸು" ಎಂದು ಪಾಜ್ ಒತ್ತಿ, ಸ್ಟಾಪ್‌ವಾಚ್ ತೋರಿಸಿದರು. "ನೋಡು, ಲೋಡ್ ಆಗೋಕೆ ಡಿಸ್ಕಿಗಿಂತ ಆರು ಸೆಕೆಂಡು ಕಮ್ಮಿ." ಮತ್ತೆ ಆರಿಸಿ, ಮತ್ತೆ ಹಾಕಿ, ಮತ್ತೆ ಅಳೆದರು. ತಾರೀಖು ಕೇಳಿತು. ನೆನಪಿನ ಬಿಲ್ಲೆ ಅರಚಿತು. ಮೂರನೇ ಸಲಕ್ಕೆ ಹುಡುಗ ಎದ್ದು ಹೋಗಿ ಮಾವನವರ ಮೊಬೈಲಿನಲ್ಲಿ ಲೂಡೋ ಆಡತೊಡಗಿದ. ಆರು ಸೆಕೆಂಡು ಉಳಿಸಲು ಹಿಡಿದದ್ದು ನಾಲ್ಕು ತಿಂಗಳು ಅಂತ ಅತ್ತಿಗೆ ಲೆಕ್ಕ ಕೊಟ್ಟರು.

ಆ ರಾತ್ರಿ ಅಲ್ಲೇ ಉಳಿದೆವು. ಎರಡು ಗಂಟೆ ಸುಮಾರಿಗೆ ನೀರು ಕುಡಿಯಲೆಂದು ಎದ್ದರೆ ಹಾಲಿನಲ್ಲಿ ಟೀವಿಯ ಬೆಳಕು. ಭಾವನವರು ಪಂಚೆ ಬನಿಯನ್ನಿನಲ್ಲಿ ನೆಲದ ಮೇಲೆ ಕೂತಿದ್ದಾರೆ. ಪರದೆಯ ಮೇಲೆ ಬಂದರು, ಗೋದಾಮು, ಒಂದು ಫೋರ್ಕ್‌ಲಿಫ್ಟು ನಿಧಾನವಾಗಿ ಪೆಟ್ಟಿಗೆ ಎತ್ತುತ್ತಿದೆ. ಕೊನೆಗೂ ಆಡುತ್ತಿದ್ದಾರಲ್ಲ ಅಂತ ಖುಷಿಯಾಗಿ ಹತ್ತಿರ ಹೋದೆ. ಡಬ್ಬಿಯಿಂದ ಸದ್ದು ಬರುತ್ತಿತ್ತು: ಕರ್ರ್... ಕಟಕಟ... ಕರ್ರ್. ನನಗೆ ದಿಗಿಲಾಯಿತು. ಡ್ರೈವ್ ಬಿಸ್ಕತ್ತಿನ ಡಬ್ಬಿಯಲ್ಲಿದೆ, ಇದೆಲ್ಲಿಂದ?

ನೋಡಿದರೆ ಯಂತ್ರದ ಮುಚ್ಚಳದ ಮೇಲೆ ಅವರ ಮೊಬೈಲು ಬೋರಲಾಗಿ ಮಲಗಿತ್ತು.

ನನ್ನನ್ನು ಕಂಡು ಕಳ್ಳನ ಹಾಗೆ ನಕ್ಕರು. "ಸುಮ್ಮನೆ ರೆಕಾರ್ಡ್ ಮಾಡಿಟ್ಟಿದ್ದೆ ಕಣ್ರೀ. ಪೂರ್ತಿ ನಿಶ್ಶಬ್ದ ಆಗ್ಬಿಟ್ರೆ ಆನ್ ಆಗಿದೆಯೋ ಇಲ್ವೋ ಗೊತ್ತಾಗಲ್ಲ ನೋಡಿ."

ರೂಮಿನಿಂದ ಅತ್ತಿಗೆಯ ದನಿ ಬಂತು: "ರೀ, ನಡುರಾತ್ರಿಲಿ ಆ ಮಿಕ್ಸಿ ನಿಲ್ಲಿಸ್ತೀರೋ, ಇಲ್ಲಾ ನಾನೇ ಎದ್ದು ಬರಲೋ?"