ಅಪ್‌ಡೇಟಪ್ಪನವರ ವೈಪರು

ಕ್ಯಾಲಿಫೋರ್ನಿಯಾದ ಫ್ರಿಮಾಂಟ್, ಮಿಲ್ಪಿಟಾಸ್, ಸನ್ನಿವೇಲ್ ಕಡೆಯ ಕನ್ನಡಿಗರು ಯುಗಾದಿ ಊಟಕ್ಕೆ ಸೇರಿದಾಗ ಹೋಳಿಗೆಯ ಪಂಕ್ತಿಯಲ್ಲಿ ಒಬ್ಬರಾದರೂ ಅಪ್‌ಡೇಟಪ್ಪ ಇದ್ದೇ ಇರುತ್ತಾರೆ. ಹೆತ್ತವರು ಇಟ್ಟ ಹೆಸರು ಬೇರೆ, ಇದು ಗುಣ ನೋಡಿ ಕೊಟ್ಟದ್ದು. ಕಸುಬು ಸಾಫ್ಟ್‌ವೇರು, ವಾಹನ ಟೆಸ್ಲಾ. ಆ ಸೀಮೆಯಲ್ಲಿ ಬೇಸಿಗೆಯೆಂದರೆ ತಿಂಗಳುಗಟ್ಟಲೆ ಹನಿ ಬೀಳದ ಕಾಲ. ಅಂಥ ಆಗಸ್ಟಿನ ನಡುಹಗಲಲ್ಲಿ, 880 ಹೆದ್ದಾರಿಯ ಮೇಲೆ, ಇವರ ಕಾರಿನ ವೈಪರು ಮೈಮೇಲೆ ದೇವರು ಬಂದಂತೆ ಎದ್ದು ಒಣ ಗಾಜನ್ನು ಕರಕರ ಕೆರೆಯುತ್ತದೆ. ಚಳಿಗಾಲದ ಜಡಿಮಳೆಯಲ್ಲಿ ಅದೇ ವೈಪರು ಹಬ್ಬಕ್ಕೆ ಬಂದ ಅಳಿಯನ ಹಾಗೆ ಮಲಗಿದಲ್ಲಿಂದ ಕದಲುವುದಿಲ್ಲ. ಪಕ್ಕದಲ್ಲಿ ಕೂತವರು ಏನಾಯಿತೆಂದು ಕೇಳಿದರೆ ಉತ್ತರ ಒಂದೇ: "ಮುಂದಿನ ಅಪ್‌ಡೇಟಲ್ಲಿ ಸರಿಹೋಗುತ್ತೆ." ಇದನ್ನು ಕಂಪನಿಯ ಮೇಲಿನ ಭಕ್ತಿ ಎಂದು ಜನ ಆಡಿಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಇದು ಭಕ್ತಿಯಲ್ಲ, ಕುಲಾಭಿಮಾನ.

ಹೇಗೆಂದರೆ, ಬೇರೆ ಎಷ್ಟೋ ಕಾರುಗಳಲ್ಲಿ ಮಳೆ ಗುರುತಿಸಲು ಕನ್ನಡಿಯ ಹಿಂದೆ ಒಂದು ಪುಟ್ಟ ಸೆನ್ಸರು ಇರುತ್ತದೆ. ಅದು ಗಾಜಿನೊಳಗೆ ಇನ್‌ಫ್ರಾರೆಡ್ ಬೆಳಕು ಹಾಯಿಸುತ್ತದೆ. ಗಾಜು ಒಣಗಿದ್ದರೆ ಬೆಳಕು ಮರಳಿ ಬರುತ್ತದೆ, ಹನಿ ಕೂತಿದ್ದರೆ ಒಂದಷ್ಟು ಹೊರಗೆ ಸೋರಿಹೋಗುತ್ತದೆ. ಲೆಕ್ಕ ಇಷ್ಟೇ. 2016ರ ಅಕ್ಟೋಬರಿನಲ್ಲಿ ಬಂದ ಹೊಸ ಹಾರ್ಡ್‌ವೇರಿನಲ್ಲಿ ಟೆಸ್ಲಾ ಈ ಸೆನ್ಸರನ್ನು ಕೈಬಿಟ್ಟು, ರಸ್ತೆ ನೋಡುವ ಕ್ಯಾಮೆರಾಕ್ಕೇ ಮಳೆ ನೋಡುವ ಕೆಲಸವನ್ನೂ ಅಂಟಿಸಿತು. ಕೊಂಡವರು ತಾನೇ ಆಡುವ ವೈಪರಿಗಾಗಿ ವರ್ಷಕ್ಕೂ ಮೇಲೆ ಕಾದರು. ಅದು ಬಂದದ್ದು 2017ರ ಕೊನೆಗೆ, ಅಪ್‌ಡೇಟಿನ ರೂಪದಲ್ಲೇ. ತೊಡಕು ಸರಳವಾದದ್ದು. ದೂರದ ಲಾರಿಯನ್ನು ಗುರುತಿಸಲು ಮಾಡಿದ ಕಣ್ಣಿಗೆ ಮೂಗಿನ ತುದಿಯ ಹನಿ ಮಸುಕು. ನಮ್ಮ ಮಾತಿನಲ್ಲಿ ಹೇಳುವುದಾದರೆ ಕಾರಿಗೆ ಚಾಳೀಸು ಬಂದಿದೆ. ಇಳಿಬಿಸಿಲು, ಸೇತುವೆಯ ನೆರಳು, ಗಾಜಿಗೆ ಬಡಿದು ಸತ್ತ ಹುಳು ಎಲ್ಲವೂ ಅದಕ್ಕೆ ಮಳೆಯೇ.

ಇಷ್ಟೆಲ್ಲ ಅಪ್‌ಡೇಟಪ್ಪನವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಗೊತ್ತಿರುವುದರಿಂದಲೇ ಅವರು ಬಯ್ಯಲಾರರು. ಹೊಸ ಮಾಡೆಲ್ಲನ್ನು ನಂಬಿ ಹಳೆಯ ಗಟ್ಟಿ ಭಾಗವನ್ನು ಕಿತ್ತುಹಾಕುವ ಹುರುಪು ಅವರ ಆಫೀಸಿನಲ್ಲೂ ಉಂಟು. ಶುಕ್ರವಾರ ಸಂಜೆ ಬಂದ ದೂರಿಗೆ "ಲೋ ಪ್ರಯಾರಿಟಿ" ಎಂದು ಚೀಟಿ ಅಂಟಿಸಿ ಮನೆಗೆ ಹೋದ ಕೈ ಅವರದೂ ಹೌದು. ಅರ್ಧ ಬೆಂದದ್ದನ್ನು ಬಡಿಸಿ, ಬೇಯಿಸುವುದನ್ನು ಉಣ್ಣುವವನ ಹೊಟ್ಟೆಗೇ ಬಿಡುವುದು ಅವರ ಕಸುಬಿನ ರೂಢಿ. ವೈಪರನ್ನು ತಪ್ಪೆಂದರೆ ತಮ್ಮ ಹದಿನೈದು ವರ್ಷದ ಸಂಬಳಕ್ಕೇ ಮಸಿ. ನೆಂಟನ ಮಗ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದರೆ ಪೇಪರು ಕಷ್ಟವಿತ್ತು ಎನ್ನುತ್ತೇವಲ್ಲ, ಇದೂ ಅದೇ.

ಹೊಸದು ಮಾಗಲು ಕಾಲ ಬೇಡವೇ ಎಂದು ಅವರು ಕೇಳಬಹುದು. ಬೇಕು. ಅಲಬಾಮಾದ ಮೇರಿ ಆ್ಯಂಡರ್‌ಸನ್ 1903ರಲ್ಲಿ ವೈಪರಿಗೆ ಪೇಟೆಂಟ್ ಪಡೆದಾಗ ಅದನ್ನು ಒಳಗಿನಿಂದ ಸನ್ನೆ ಹಿಡಿದು ಕೈಯಲ್ಲೇ ಆಡಿಸಬೇಕಿತ್ತು. ಬಿಟ್ಟು ಬಿಟ್ಟು ಒರೆಸುವ ವೈಪರನ್ನು ರಾಬರ್ಟ್ ಕರ್ನ್ಸ್ ರೂಪಿಸಿದ್ದು 1960ರ ದಶಕದಲ್ಲಿ. ಅದಕ್ಕಾಗಿ ಫೋರ್ಡ್ ಕಂಪನಿಯೊಡನೆ 1978ರಿಂದ 1990ರವರೆಗೆ ಕೋರ್ಟಿನಲ್ಲಿ ಗುದ್ದಾಡಿದರು. ಆದರೆ ಈ ಎರಡರಲ್ಲೂ ಮಳೆಯನ್ನು ತೀರ್ಮಾನಿಸಿದ್ದು ನೆನೆಯುವ ಮನುಷ್ಯ. ತೀರ್ಮಾನ ಪರದೆಗೆ ಹೋದರೆ ಏನಾಗುತ್ತದೆಂಬುದಕ್ಕೆ ಜರ್ಮನಿಯಲ್ಲಿ ಸಾಕ್ಷಿಯಿದೆ. ಟೆಸ್ಲಾ ಚಾಲಕನೊಬ್ಬ ಜೋರು ಮಳೆಯಲ್ಲಿ ವೈಪರಿನ ವೇಗ ಬದಲಿಸಲು ಟಚ್‌ಸ್ಕ್ರೀನ್ ತಡಕುತ್ತಿದ್ದಾಗ ಕಾರು ರಸ್ತೆ ಬಿಟ್ಟು ಮರಗಳಿಗೆ ಬಡಿಯಿತು. 200 ಯೂರೋ ದಂಡ, ಒಂದು ತಿಂಗಳು ಚಾಲನೆ ನಿಷೇಧ. 2020ರಲ್ಲಿ ಕಾರ್ಲ್ಸ್‌ರೂಹೆಯ ಮೇಲಿನ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಅಪ್‌ಡೇಟಪ್ಪನವರ ಪ್ರಕಾರ ತಪ್ಪು ಚಾಲಕನದು: "ಈಗ ಬಾಯಲ್ಲಿ ಹೇಳಿದರೂ ಆಡುತ್ತಪ್ಪ!" ಕುದುರೆಗಾಡಿಯವನೂ ಬಾಯಲ್ಲೇ ಹೇಳುತ್ತಿದ್ದ, ನಿಜ, ಕುದುರೆ ಕೇಳುತ್ತಿತ್ತು.

ಅವರ ಬತ್ತಳಿಕೆಯಲ್ಲಿ ಒಂದು ಬಾಣ ಮಾತ್ರ ನಿಜಕ್ಕೂ ಚೂಪಾಗಿದೆ, ಒಪ್ಪಬೇಕು. 2018ರಲ್ಲಿ ಅಮೆರಿಕದ ಗ್ರಾಹಕ ಪತ್ರಿಕೆಯೊಂದು ಮಾಡೆಲ್ 3ರ ಬ್ರೇಕು ಸರಿಯಿಲ್ಲವೆಂದಾಗ ಕಂಪನಿ ಗಾಳಿಯಲ್ಲೇ ಅಪ್‌ಡೇಟು ಕಳಿಸಿತು. ಗಂಟೆಗೆ 60 ಮೈಲಿ ವೇಗದಿಂದ ನಿಲ್ಲಲು ಬೇಕಿದ್ದ 152 ಅಡಿ 133 ಅಡಿಗೆ ಇಳಿಯಿತು. ಯಾರೂ ಬಾನೆಟ್ ಎತ್ತಲಿಲ್ಲ. ಇಂಥದ್ದನ್ನು ಕಣ್ಣಾರೆ ಕಂಡವರು ವೈಪರಿಗೂ ಅದೇ ಹರಕೆ ಹೊತ್ತರೆ ಅದು ಪೂರ್ತಿ ಮೂಢನಂಬಿಕೆಯಲ್ಲ. ಹರಕೆ ತೀರುವ ಮೊದಲೇ ಅದೇ ಕಂಪನಿಯ ಸೈಬರ್‌ಟ್ರಕ್ ಬಂತು. ಅದಕ್ಕೆ ವೈಪರು ಒಂದೇ, ಆದರೆ ನಾಲ್ಕು ಅಡಿ ಉದ್ದದ್ದು. 2024ರ ಜೂನ್‌ನಲ್ಲಿ, ವಿದ್ಯುತ್ ಹೆಚ್ಚಾಗಿ ಹರಿದು ಆ ವೈಪರಿನ ಮೋಟಾರು ನಿಂತುಹೋಗಬಹುದೆಂದು 11,688 ಗಾಡಿಗಳನ್ನು ವಾಪಸು ಕರೆದರು. ಆ ಸಲ ಗಾಳಿಯಲ್ಲಿ ಏನೂ ಬರಲಿಲ್ಲ. ಪರಿಹಾರವೆಂದು ಗೊತ್ತಾದದ್ದು ಮೋಟಾರು ಕಳಚಿ ಹೊಸದನ್ನು ಕೂರಿಸುವುದು, ಅದೂ ಸ್ಪಾನರ್ ಹಿಡಿದ ಮೆಕ್ಯಾನಿಕ್ಕಿನ ಕೈಯಿಂದ.